ಮಾಲ್ಗುಡಿಗೆ ಹೋಗಿ ಬಂದ ಲೆಕ್ಕ

ಮಾಲ್ಗುಡಿಯಲ್ಲಿ ಮೊದಲು ಹುಟ್ಟಿದ್ದು ರೈಲ್ವೆ ಸ್ಟೇಷನ್. ಊರು ಆಮೇಲೆ ಬಂತು. 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿಕೊಟ್ಟ ಒಂದು ಒಳ್ಳೆಯ ದಿನ ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ ಕೊಂಡು ತಂದರು. ಪೆನ್ನು ಕಚ್ಚುತ್ತ ಕೂತವರ ಕಣ್ಣಿಗೆ ಒಂದು ಪುಟ್ಟ ನಿಲ್ದಾಣ ಕಂಡಿತು. ಅದರ ಪ್ಲಾಟ್‌ಫಾರ್ಮಿನ ಮೇಲೆ ಪ್ರಯಾಣಿಕರ ಮುಖ ಇಣುಕುತ್ತ ಓಡುವ ಸ್ವಾಮಿನಾಥನ್ ಎಂಬ ಹುಡುಗ ಕಂಡ. ಅವನ ಬೆನ್ನಿಗೇ ಆಲ್ಬರ್ಟ್ ಮಿಷನ್ ಶಾಲೆ, ಸರಯೂ ನದಿ, ಪೇಟೆ ಬೀದಿ, ಮೆಂಪಿ ಕಾಡು ಒಂದೊಂದಾಗಿ ಬಂದವು. 1935ರಲ್ಲಿ ಲಂಡನ್ನಿನಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು.

ಕಾಗದದ ಮೇಲಿನ ಆ ಸ್ಟೇಷನ್ನನ್ನು ಹುಡುಕಿಕೊಂಡು ಇವತ್ತು ರಜೆ ಬಂತೆಂದರೆ ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು, ಒಂದು ಬುತ್ತಿ ಚೀಲ ಎಲ್ಲ ಸೇರಿ ಮಲೆನಾಡಿನ ದಾರಿ ಹಿಡಿಯುತ್ತಾರೆ. ಪುಸ್ತಕಕ್ಕೆ ತೊಂಬತ್ತು ತುಂಬಿದೆ. ಶಂಕರ್‌ನಾಗ್ 1986-87ರಲ್ಲಿ ದೂರದರ್ಶನಕ್ಕೆ ಕೊಟ್ಟ ‘ಮಾಲ್ಗುಡಿ ಡೇಸ್’ ನಲವತ್ತರ ಆಸುಪಾಸಿನಲ್ಲಿದೆ. ಅಂದು ಟಿ.ವಿ. ಮುಂದೆ ಚಾಪೆ ಹಾಸಿ ಕೂತಿದ್ದ ಮಕ್ಕಳು ಇಂದು ತಮ್ಮ ಮಕ್ಕಳನ್ನು ಆಗುಂಬೆಗೆ ಕರೆದೊಯ್ಯುವ ವಯಸ್ಸಿಗೆ ಬಂದಿದ್ದಾರೆ, ಕೆಲವರಂತೂ ಮೊಮ್ಮಕ್ಕಳನ್ನು. ಹಿಂತಿರುಗಿ ನೋಡಿ ಜಮಾಖರ್ಚು ಬರೆಯಲು ಇದು ಸರಿಯಾದ ಹೊತ್ತು. ಒಂದು ಕಥೆಯ ಬೆನ್ನು ಹತ್ತಿ ಮನೆಮಂದಿ ಮಾಡಿದ ಈ ಓಡಾಟಗಳಿಂದ ಏನು ಉಳಿಯಿತು, ಏನು ಕೈಬಿಟ್ಟಿತು, ಮಕ್ಕಳಿಗೆ ಏನು ಸಿಕ್ಕಿತು?

ಇಲ್ಲದ ಊರಿನ ಮೂರು ವಿಳಾಸ

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ಮಾಲ್ಗುಡಿ ಎಂಬ ಊರಿಲ್ಲ. ಎಲ್ಲಿದೆ ಎಂದು ಕೇಳಿದವರಿಗೆಲ್ಲ ನಾರಾಯಣ್ ಅದು ಕಲ್ಪನೆಯ ಊರು ಎಂದೇ ಹೇಳುತ್ತ ಬಂದರು. ಅದು ನಂಜನಗೂಡು ಎಂದವರಿದ್ದಾರೆ, ಲಾಲ್ಗುಡಿ ಎಂದವರಿದ್ದಾರೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಸರಯೂವನ್ನು ಕಂಡವರೂ ಇದ್ದಾರೆ. ಆದರೂ ಪ್ರವಾಸಕ್ಕೆ ಹೊರಡುವವರಿಗೆ ಒಂದು ವಿಳಾಸ ಬೇಕಲ್ಲ? ಸದ್ಯ ಮೂರಿವೆ.

ಮೊದಲನೆಯದು ಆಗುಂಬೆ. ಶಂಕರ್‌ನಾಗ್ ಕ್ಯಾಮೆರಾ ಇಟ್ಟ ಊರು. ಅಲ್ಲಿನ ದೊಡ್ಡಮನೆಯ ಜಗಲಿ, ಮರದ ಕಂಬಗಳು, ನಡುವಿನ ಅಂಗಳ ಸ್ವಾಮಿಯ ಮನೆಯಾದವು. ಮಂಜುನಾಥ್ ಸ್ವಾಮಿಯಾದ, ಗಿರೀಶ್ ಕಾರ್ನಾಡ್ ಅಪ್ಪನಾದರು, ವೈಶಾಲಿ ಕಾಸರವಳ್ಳಿ ಅಮ್ಮನಾದರು. ಕಾದಂಬರಿಯಲ್ಲಿ ಬಿಸಿಲು ಹೆಚ್ಚು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆ ಅದಕ್ಕೆ ಹೊಂದುವ ಊರೇ ಅಲ್ಲ. ಆದರೆ ತೆರೆಯ ಮೇಲೆ ಅದನ್ನು ನೋಡಿದವರಿಗೆ ಇನ್ನೊಂದು ಮಾಲ್ಗುಡಿ ಕಲ್ಪಿಸಿಕೊಳ್ಳಲು ಆಗುವುದೇ ಇಲ್ಲ.

ಎರಡನೆಯದು ಹೊಸನಗರ ತಾಲ್ಲೂಕಿನ ಅರಸಾಳು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಸಣ್ಣ ನಿಲ್ದಾಣ. ಧಾರಾವಾಹಿಯಲ್ಲಿ ರೈಲು ಬಂದು ನಿಂತದ್ದು ಇಲ್ಲಿ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸವಿಲ್ಲದೆ ಹೋಯಿತು.

ಮೂರನೆಯದು ಮೈಸೂರಿನ ಯಾದವಗಿರಿಯ ಮನೆ. ಇದು ಕಥೆಯ ಮನೆಯಲ್ಲ, ಕಥೆ ಬರೆದವರದ್ದು. ಮಹಡಿಯಲ್ಲಿ ಸುತ್ತಲೂ ಕಿಟಕಿಗಳಿರುವ ಒಂದು ಕೋಣೆ. ನಾರಾಯಣ್ ಕೂತು ಬರೆಯುತ್ತಿದ್ದದ್ದು ಅಲ್ಲೇ. ‘ಸ್ವಾಮಿ’ಯನ್ನು ಅವರು ಈ ಮನೆಯಲ್ಲಿ ಬರೆದದ್ದಲ್ಲ, ಇದನ್ನು ಕಟ್ಟಿಸುವ ಹೊತ್ತಿಗೆ ಪುಸ್ತಕ ಬಂದು ವರ್ಷಗಳೇ ಆಗಿದ್ದವು. ಆದರೆ ಸ್ವಾಮಿ ಓದಿದ ಮಗು ಆ ಮನೆಯ ಕೋಟು, ಕನ್ನಡಕ ನೋಡಿ ‘ಇವರಾ ಬರೆದಿದ್ದು?’ ಎಂದು ಕೇಳಿದರೆ ಅಷ್ಟರಮಟ್ಟಿಗೆ ಹೋಗಿ ಬಂದದ್ದು ಸಾರ್ಥಕ.

ಜಮೆ

ಕಟ್ಟಡಗಳ ಮಟ್ಟಿಗೆ ಜಮೆಯ ಪುಟ ಚೆನ್ನಾಗಿದೆ.

ಯಾದವಗಿರಿಯ ಮನೆಯನ್ನು 2011ರಲ್ಲಿ ಕೆಡವುವ ಕೆಲಸ ಶುರುವೇ ಆಗಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಓದುಗರು ದನಿಯೆತ್ತಿದರು, ಕೆಲಸ ನಿಂತಿತು. ಸರ್ಕಾರಿ ದುಡ್ಡಿನಲ್ಲಿ ಮನೆ ಕೊಳ್ಳುವ ಮಾತು ಬಂದಾಗ ಕನ್ನಡದ ಕೆಲವು ಹಿರಿಯ ಲೇಖಕರು ಆಕ್ಷೇಪ ಎತ್ತಿದರು. ಕನ್ನಡದಲ್ಲಿ ಒಂದು ಸಾಲೂ ಬರೆಯದವರಿಗೆ ಕನ್ನಡಿಗರ ತೆರಿಗೆ ಯಾಕೆ ಎಂಬುದು ಅವರ ವಾದ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಷ್ಟೋ ಕನ್ನಡ ಲೇಖಕರ ಮನೆಗಳು ಸದ್ದಿಲ್ಲದೆ ನೆಲಸಮವಾಗಿವೆ. ಆದರೂ ಮನೆ ಉಳಿಯಿತು, ದುರಸ್ತಿಯಾಯಿತು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಇವತ್ತು ಅಲ್ಲಿಗೆ ಬರುವ ಮಕ್ಕಳು ಈ ವಾದವನ್ನು ತಮ್ಮ ರೀತಿಯಲ್ಲಿ ಮುಗಿಸಿದ್ದಾರೆ. ತಮಿಳು ಮನೆಯ ಮಗ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದ ನಟ-ನಿರ್ದೇಶಕ ಮಲೆನಾಡಿಗೆ ತಂದು ಹಿಂದಿಯಲ್ಲಿ ತೋರಿಸಿದ. ಹಿಂದಿ ಅರ್ಧಂಬರ್ಧ ಗೊತ್ತಿದ್ದ ನಮ್ಮೂರ ಮಕ್ಕಳು ಅದನ್ನು ತಮ್ಮದೇ ಕಥೆ ಎಂದುಕೊಂಡು ನೋಡಿದರು. ಸ್ವಾಮಿ ಯಾರವನು ಎಂಬ ಜಗಳಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅರಸಾಳಿನದು ಇನ್ನೂ ಸೊಗಸಾದ ಕಥೆ. ಪಾಳು ಬೀಳುತ್ತಿದ್ದ ಹಳೆಯ ನಿಲ್ದಾಣವನ್ನು ನೈಋತ್ಯ ರೈಲ್ವೆಯವರು ಕೋಟಿ ರೂಪಾಯಿಗೂ ಮೇಲೆ ಖರ್ಚು ಮಾಡಿ ಎತ್ತಿ ನಿಲ್ಲಿಸಿದರು. 2020ರಲ್ಲಿ ಅದು ‘ಮಾಲ್ಗುಡಿ ಮ್ಯೂಸಿಯಂ’ ಆಯಿತು. ಕೆಲಸಕ್ಕೆ ಕೈ ಹಚ್ಚಿದವರು ಜಾನ್ ದೇವರಾಜ್. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದವರೇ ಮೂವತ್ತು ವರ್ಷ ಕಳೆದ ಮೇಲೆ ಅದೇ ನಿಲ್ದಾಣಕ್ಕೆ ಮತ್ತೆ ಬಂದು ಕೆಲಸ ಮಾಡುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ. ಒಳಗೆ ಚಿತ್ರಗಳಿವೆ, ಗೊಂಬೆಗಳಿವೆ. ಹಳೆಯ ಬೋಗಿಯಲ್ಲಿ ಕೂತು ಚಹಾ ಕುಡಿಯುವ ಏರ್ಪಾಡೂ ಆಯಿತು. ನಾರಾಯಣ್ ಮೊದಲು ಕಂಡದ್ದು ಒಂದು ಸ್ಟೇಷನ್. ತೊಂಬತ್ತು ವರ್ಷವಾದ ಮೇಲೆ ಅವರ ಕಥೆಯ ಹೆಸರಿನಲ್ಲಿ ನಾವು ಉಳಿಸಿಕೊಂಡದ್ದೂ ಒಂದು ಸ್ಟೇಷನ್.

ಇವೆರಡಕ್ಕಿಂತ ದೊಡ್ಡ ಜಮೆ ಆಗುಂಬೆಯ ದೊಡ್ಡಮನೆ. ಅದಕ್ಕೆ ಇಲಾಖೆ ಇಲ್ಲ, ಅನುದಾನ ಇಲ್ಲ. ಅದು ಜನ ವಾಸ ಮಾಡುವ ಮನೆ. ನೂರು ದಾಟಿದ ಆ ಮನೆಯನ್ನು ಮನೆಯವರೇ ನೋಡಿಕೊಂಡು, ಬಂದವರಿಗೆ ಕೂರಲು ಜಗಲಿ ಕೊಟ್ಟು, ಕೈಗೆ ಕಷಾಯ ಕೊಟ್ಟು ಕಳಿಸುವ ಪದ್ಧತಿಯನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ಸರ್ಕಾರ ಉಳಿಸಿದ್ದರ ಬಗ್ಗೆ ಬೋರ್ಡು ಇರುತ್ತದೆ. ಮನೆಯವರು ಉಳಿಸಿದ್ದರ ಬಗ್ಗೆ ಇರುವುದಿಲ್ಲ.

ಖರ್ಚು

ಇನ್ನು ಖರ್ಚಿನ ಪುಟ. ಇಲ್ಲಿ ನನ್ನ ಮನೆಯ ಚೀಟಿಯನ್ನೇ ತೆರೆದಿಡುತ್ತೇನೆ.

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ತಂಗಿ, ಭಾವ, ಅವರ ಏಳು ವರ್ಷದ ಮಗ, ನಮ್ಮಮ್ಮ, ನಾನು ಎಲ್ಲ ಸೇರಿ ‘ಮಾಲ್ಗುಡಿ ಪ್ಯಾಕೇಜ್’ ಎಂಬ ಒಂದಕ್ಕೆ ದುಡ್ಡು ಕಟ್ಟಿದೆವು. ಎರಡು ಹಗಲು, ಒಂದು ರಾತ್ರಿ, ಒಂಬತ್ತು ಸ್ಥಳ. ಬೆಳಿಗ್ಗೆ ಸಕ್ರೆಬೈಲಿನ ಆನೆ, ಅಲ್ಲಿಂದ ಮಂಡಗದ್ದೆ, ಅಲ್ಲಿಂದ ಕುಪ್ಪಳಿ, ಊಟ ಆದ ಮೇಲೆ ಶೃಂಗೇರಿ, ಸಂಜೆ ಆಗುಂಬೆ. ದೊಡ್ಡಮನೆಗೆ ಕೊಟ್ಟದ್ದು ಹದಿನೈದು ನಿಮಿಷ. ಕಷಾಯದ ಲೋಟ ಇನ್ನೂ ಬಿಸಿಯಿತ್ತು, ಹೊರಗೆ ಡ್ರೈವರ್ ಹಾರ್ನ್ ಮಾಡಿದ. ಸೂರ್ಯಾಸ್ತಕ್ಕೆಂದು ಓಡಿದೆವು, ಎದುರಿಗೆ ಬಿಳಿ ಗೋಡೆ ಕಟ್ಟಿದಂತೆ ಮಂಜು. ಮಾರನೆಯ ದಿನ ಅರಸಾಳಿಗೆ ಹೋಗುವಾಗ ಹುಡುಗ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ. ಎಬ್ಬಿಸಿ ಗೊಂಬೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದೆವು. ಆ ಫೋಟೋದಲ್ಲಿ ಅವನ ಕಣ್ಣು ಮುಚ್ಚಿದೆ. ಮನೆಗೆ ಬಂದ ಮೇಲೆ ಅವರಮ್ಮ ಕೇಳಿದಳು, ಏನು ಇಷ್ಟ ಆಯಿತು ಅಂತ. ‘ಆನೆ ಲದ್ದಿ’ ಅಂದ.

ತಪ್ಪು ಪ್ಯಾಕೇಜಿನವರದ್ದೊಂದೇ ಅಲ್ಲ. ಅವರು ಒಂಬತ್ತು ಸ್ಥಳ ತೋರಿಸುತ್ತೇವೆ ಎಂದರು, ತೋರಿಸಿದರು. ಹುಡುಗನಿಗೆ ಸ್ವಾಮಿ ಯಾರೆಂದೇ ನಾವು ಹೇಳಿರಲಿಲ್ಲ, ನಮ್ಮ ತಪ್ಪು ಅದು. ಧಾರಾವಾಹಿಯ ಟ್ಯೂನ್ ಮಾತ್ರ ಕೇಳಿಸಿದ್ದೆವು. ಎಲ್. ವೈದ್ಯನಾಥನ್ ಅವರ ಆ ರಾಗ ಕಿವಿಗೆ ಬಿದ್ದರೆ ನಮಗೆ ಗಂಟಲು ಕಟ್ಟುತ್ತದೆ, ಅವನಿಗೇಕೆ ಕಟ್ಟಬೇಕು? ನಮ್ಮ ಬಾಲ್ಯವನ್ನು ನಾವು ನೋಡಲು ಹೋದೆವು, ಅವನನ್ನು ಸಾಮಾನಿನ ಜೊತೆ ಹೊತ್ತುಕೊಂಡು ಹೋದೆವು. ನಲವತ್ತು ವರ್ಷದ ಈ ಲೆಕ್ಕದಲ್ಲಿ ಅತಿ ದೊಡ್ಡ ಸೋರಿಕೆ ಇದೇ ಇರಬೇಕು. ಮಕ್ಕಳ ಹೆಸರಿನಲ್ಲಿ ಹೊರಟ ಪ್ರವಾಸ ದೊಡ್ಡವರ ನೆನಪಿನ ಯಾತ್ರೆಯಾಗಿ ಮುಗಿಯುತ್ತದೆ.

ನೆನಪಿಗೆ ಇನ್ನೊಂದು ಚಾಳಿಯಿದೆ: ಎಲ್ಲಕ್ಕೂ ಸಕ್ಕರೆ ಹಾಕುತ್ತದೆ. ‘ಸ್ವಾಮಿ’ ಸಿಹಿ ಪುಸ್ತಕವೇನಲ್ಲ. ಅದರಲ್ಲಿ ಬೆತ್ತವಿದೆ, ಸೋಮವಾರದ ಭಯವಿದೆ, ಹುಡುಗನ ದುಡ್ಡು ನುಂಗುವ ಜಟಕಾದವನಿದ್ದಾನೆ. 1930ರ ಆಗಸ್ಟ್ 15ರಂದು ಸರಯೂ ದಡದಲ್ಲಿ ಸೇರುವ ಪ್ರತಿಭಟನೆ ಇದೆ. ಸ್ವಾತಂತ್ರ್ಯಕ್ಕೆ ಹದಿನೇಳು ವರ್ಷ ಮೊದಲೇ ಕಾದಂಬರಿಕಾರನ ಕೈಗೆ ಆ ತಾರೀಖು ಸಿಕ್ಕಿದ್ದನ್ನು ಮಕ್ಕಳಿಗೆ ಹೇಳಿ ನೋಡಿ, ಕಣ್ಣರಳಿಸುತ್ತಾರೆ. ಆ ಗಲಾಟೆಯಲ್ಲಿ ಸ್ವಾಮಿ ಶಾಲೆಯ ಗಾಜು ಒಡೆಯುತ್ತಾನೆ, ಮುಂದೆ ಇನ್ನೊಂದು ಶಾಲೆಯಿಂದಲೂ ಓಡುತ್ತಾನೆ, ಮನೆ ಬಿಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಕ್ರಿಕೆಟ್ ಪಂದ್ಯ ತಪ್ಪಿಸಿಕೊಂಡು ಪ್ರಾಣಸ್ನೇಹಿತ ರಾಜಮ್‌ನನ್ನು ಕಳೆದುಕೊಳ್ಳುತ್ತಾನೆ. ಇಷ್ಟೆಲ್ಲ ಇರುವ ಕಥೆಯಿಂದ ನಮ್ಮ ಪ್ರವಾಸದ ಜಾಹೀರಾತುಗಳು ಆರಿಸಿಕೊಂಡದ್ದು ಜಗಲಿ, ಟೋಪಿ, ಚಹಾ.

ಒಂದು ಸೇತುವೆಯ ಪಾಠ

ಕಥೆಯ ಜಾಡು ಹಿಡಿದು ಮಕ್ಕಳನ್ನು ಕರೆದೊಯ್ಯುವುದು ನಮ್ಮಲ್ಲಷ್ಟೇ ಇರುವ ಹುಚ್ಚಲ್ಲ. ಇಂಗ್ಲೆಂಡಿನ ಸಸೆಕ್ಸಿನಲ್ಲಿ ಆಶ್‌ಡೌನ್ ಫಾರೆಸ್ಟ್ ಎಂಬ ಕಾಡುಮೇಡಿನ ಪ್ರದೇಶವಿದೆ. ಎ.ಎ. ಮಿಲ್ನ್ 1925ರಲ್ಲಿ ಅದರ ಅಂಚಿನಲ್ಲಿ ಒಂದು ತೋಟದ ಮನೆ ಕೊಂಡರು. ಮಾರನೆಯ ವರ್ಷ ಅವರ ಮಕ್ಕಳ ಪುಸ್ತಕ ‘ವಿನಿ ದ ಪೂ’ ಬಂತು. ಅಲ್ಲಿ ಹೊಳೆಗೆ ಅಡ್ಡವಾಗಿ ಒಂದು ಮರದ ಸೇತುವೆ, 1907ರಲ್ಲಿ ಕಟ್ಟಿದ್ದು. ಎರಡನೆಯ ಪುಸ್ತಕದಲ್ಲಿ ಕರಡಿ ಪೂ ಮತ್ತು ಗೆಳೆಯರು ಸೇತುವೆಯ ಒಂದು ಬದಿಯಿಂದ ಕಡ್ಡಿ ಬಿಟ್ಟು, ಇನ್ನೊಂದು ಬದಿಗೆ ಓಡಿ ಯಾರ ಕಡ್ಡಿ ಮೊದಲು ಬಂತೆಂದು ನೋಡುವ ಆಟವಿದೆ. ಇಂದಿಗೂ ಅಲ್ಲಿಗೆ ಹೋದ ಮಕ್ಕಳು ಮಾಡುವುದು ಅದನ್ನೇ. ದಾರಿಯುದ್ದಕ್ಕೂ ಕಡ್ಡಿ ಆಯ್ದುಕೊಂಡು ಬಂದು ಬಿಡುತ್ತಾರೆ.

ಕಾಲಕ್ರಮೇಣ ಸೇತುವೆ ಸವೆಯಿತು. 1979ರಲ್ಲಿ ದುರಸ್ತಿಯಾಯಿತು, 1999ರಲ್ಲಿ ಹೊಸದನ್ನೇ ಕಟ್ಟಿದರು. ಎತ್ತಿಟ್ಟಿದ್ದ ಹಳೆಯ ಮರ 2021ರ ಹರಾಜಿನಲ್ಲಿ 1 ಲಕ್ಷ 31 ಸಾವಿರ ಪೌಂಡಿಗೂ ಮೇಲೆ ಹೋಯಿತು. ಹಳೆಯ ಸೇತುವೆ ಹೋದದ್ದರಿಂದ ಮಕ್ಕಳ ಆಟ ನಿಲ್ಲಲಿಲ್ಲ. ಹೊಸ ಹಲಗೆಯ ಮೇಲಿಂದ ಬಿಟ್ಟ ಕಡ್ಡಿಯೂ ಹಾಗೇ ತೇಲುತ್ತದೆ. ಮಕ್ಕಳು ಅಲ್ಲಿಗೆ ಹೋಗುವುದು ಮರ ನೋಡಲಿಕ್ಕಲ್ಲ. ಕಥೆಯಲ್ಲಿ ನಡೆದದ್ದನ್ನು ತಾವೂ ಮಾಡಲಿಕ್ಕೆ.

ನಮ್ಮ ಮಾಲ್ಗುಡಿಯಲ್ಲಿ ಮಗುವಿಗೆ ಮಾಡಲು ಏನಿದೆ? ನೋಡಬಹುದು, ನಿಲ್ಲಬಹುದು, ಮುಟ್ಟಬೇಡ ಎನ್ನಿಸಿಕೊಳ್ಳಬಹುದು. ನಾವು ಕಟ್ಟಡ ಉಳಿಸಿದೆವು, ಆಟ ಉಳಿಸಲಿಲ್ಲ. ಈ ಬರಹದ ಒಟ್ಟು ಮಾತು ಇಷ್ಟೇ.

ಒಂದು ಸೈಕಲ್ ಟೈರು

ಈ ಸಲ ಸಂಕ್ರಾಂತಿ ಆದ ಮೇಲೆ ಅದೇ ಹುಡುಗನೊಂದಿಗೆ ಎರಡನೆಯ ಸಲ ಹೊರಟೆವು. ಪ್ಯಾಕೇಜ್ ಇಲ್ಲ, ನಮ್ಮದೇ ಕಾರು, ಎರಡೇ ಸ್ಥಳ. ಹೊರಡುವುದಕ್ಕೆ ಮೂರು ವಾರ ಮೊದಲಿನಿಂದ ರಾತ್ರಿ ಊಟವಾದ ಮೇಲೆ ‘ಸ್ವಾಮಿ’ಯ ಕನ್ನಡ ಅನುವಾದ ಹಿಡಿದು ಒಂದೊಂದು ಅಧ್ಯಾಯ ಓದಿದೆ. ಇರುವುದು ಹತ್ತೊಂಬತ್ತು. ಮೊದಮೊದಲು ಅವನು ನನ್ನ ಕಾಲಿನ ಮೇಲೆ ಕಾಲು ಹಾಕಿ ಫ್ಯಾನ್ ನೋಡುತ್ತಿದ್ದ. ಅಪ್ಪ ಮಾವಿನಕಾಯಿ ಲೆಕ್ಕ ಕೊಡುವ ಜಾಗ ಬಂತು. ಬೆಲೆ ಎಷ್ಟು ಎಂದು ಅಪ್ಪ ಕೇಳಿದರೆ ಸ್ವಾಮಿಗೆ ಹತ್ತುವ ಚಿಂತೆ ಆ ಮಾವು ಹಣ್ಣೋ ಕಾಯೋ ಎಂಬುದು. ಹುಡುಗ ಎದ್ದು ಕೂತ. ‘ಹೌದಲ್ವಾ ಮಾವ, ಕಾಯಾದ್ರೆ ಕಮ್ಮಿ ರೇಟು’ ಅಂದ. ಅಲ್ಲಿಂದಾಚೆ ಅವನೇ ಪುಸ್ತಕ ತಂದುಕೊಡುತ್ತಿದ್ದ.

ಇನ್ನು ಟೈರಿನ ಮಾತು. ಕಥೆಯಲ್ಲಿ ಸ್ವಾಮಿಗೆ ಉರುಳಿಸುವ ಗಾಲಿಯ ಆಸೆ. ಜಟಕಾದವನನ್ನು ನಂಬಿ ಕಾಸು ಕಳೆದುಕೊಳ್ಳುವುದು ಅದಕ್ಕಾಗಿಯೇ. ಈ ಭಾಗ ಓದಿದ ಮಾರನೆಯ ದಿನ ನಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ಒಂದು ಸವೆದ ಟೈರು ಕೇಳಿ ತಂದೆ. ಅಂಗಡಿಯವರು ಪುಕ್ಕಟೆ ಕೊಟ್ಟು, ‘ಏನ್ ಸಾರ್, ಹೂವಿನ ಕುಂಡಕ್ಕಾ?’ ಎಂದರು. ಒಂದು ಮೊಳದ ಕೋಲು ನಮ್ಮಮ್ಮ ಹುಡುಕಿಕೊಟ್ಟರು. ಡಿಕ್ಕಿಯಲ್ಲಿ ಎರಡೂ ಮಲೆನಾಡಿಗೆ ಬಂದವು.

ತೀರ್ಥಹಳ್ಳಿ ಬಿಟ್ಟು ಆಗುಂಬೆಯತ್ತ ಹೋಗುವಾಗ ಕತ್ತಲಾಗುತ್ತಿತ್ತು. ಎರಡೂ ಬದಿ ಕಾಡು. ಸ್ವಾಮಿ ಮೆಂಪಿಯಲ್ಲಿ ದಾರಿ ತಪ್ಪುವವರೆಗೆ ಓದಿ ನಿಲ್ಲಿಸಿದ್ದೆವು. ಹುಡುಗ ಏನೂ ಹೇಳಲಿಲ್ಲ, ತನ್ನ ಪಕ್ಕದ ಗಾಜನ್ನು ಮೆಲ್ಲಗೆ ಏರಿಸಿದ. ಎರಡು ವರ್ಷದ ಹಿಂದೆ ಇಂಥದೇ ದಾರಿಯಲ್ಲಿ ಅವನು ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಿದ್ದ. ದೊಡ್ಡಮನೆಯಲ್ಲಿ ಈ ಸಲ ಗಡಿಯಾರ ನೋಡಲಿಲ್ಲ. ಹುಡುಗ ಜಗಲಿಯ ಕಂಬಕ್ಕೆ ಒರಗಿ ಕಷಾಯ ಮುಗಿಸಿ, ‘ಅಪ್ಪ ಕೂರ್ತಿದ್ದದ್ದು ಎಲ್ಲಿ, ಅಜ್ಜಿ ಮಲಗ್ತಿದ್ದದ್ದು ಎಲ್ಲಿ’ ಎಂದು ತಾನೇ ಜಾಗ ಹಂಚಿದ. ಅವನು ಹಂಚಿದ್ದು ಧಾರಾವಾಹಿಯಲ್ಲಿ ಇದ್ದ ಹಾಗೆ ಇರಲಿಲ್ಲ. ತಿದ್ದಲು ಬಾಯಿ ತೆರೆದ ತಂಗಿಯ ಕೈ ಒತ್ತಿದೆ.

ಅರಸಾಳಿನಲ್ಲಿ ಮ್ಯೂಸಿಯಂ ನೋಡಿ ಮುಗಿದದ್ದು ಇಪ್ಪತ್ತು ನಿಮಿಷದಲ್ಲಿ. ಹಳಿಗಳಿಂದ ದೂರ, ಹೊರಗಿನ ಮಣ್ಣಿನ ದಾರಿಯಲ್ಲಿ ಟೈರು ಇಳಿಸಿದೆವು. ಮೊದಲ ಐದಾರು ಸಲ ಅದು ನಾಲ್ಕು ಮಾರು ಹೋಗಿ ತಲೆ ತಿರುಗಿದಂತೆ ಮಲಗಿತು. ಕೋಲಿನಿಂದ ಹೊಡೆಯಬಾರದು, ಸವರಬೇಕು ಎಂಬುದು ಅವನಿಗೆ ಹೇಳಿ ತಿಳಿಯಲಿಲ್ಲ, ಅರ್ಧ ಗಂಟೆಯಲ್ಲಿ ಕೈಗೇ ತಿಳಿಯಿತು. ಇನ್ನೊಂದು ಕಾರಿನಲ್ಲಿ ಬಂದಿದ್ದ ಅಣ್ಣ ತಂಗಿ, ಆಮೇಲೆ ಪಕ್ಕದ ಊರಿನ ಇಬ್ಬರು ಹುಡುಗರು ಸೇರಿದರು. ಊರ ಹುಡುಗರು ಒಂದೇ ಏಟಿಗೆ ತಿರುವು ದಾಟಿಸಿ ನಮ್ಮವನ ಮುಖ ಕೆಂಪಗೆ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಜಗಳ. ಯಾರ ಸರದಿ ಎಂದು. ಕಥೆಯ ಗೆಳೆಯರಾದ ರಾಜಮ್, ಮಣಿ, ಸ್ವಾಮಿ ಮೂವರೂ ಅಲ್ಲಿ ಇದ್ದಂತಿತ್ತು. ಯಾರು ಯಾರೆಂದು ಮಾತ್ರ ಐದು ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು. ಮೊಬೈಲು ಹಿಡಿದು ನಿಂತಿದ್ದ ಅಪ್ಪಂದಿರಲ್ಲಿ ಒಬ್ಬರು ‘ಒಂದು ಸಲ ನನಗೆ ಕೊಡ್ರೋ’ ಎಂದು ಪಂಚೆ ಎತ್ತಿ ಕಟ್ಟಿದರು.

ಬಾಕಿ

ಕಳೆದುಹೋದದ್ದಕ್ಕೆ ಕೊರಗುವ ಬದಲು ಬಾಕಿ ಇರುವುದನ್ನು ಬರೆದಿಡುವುದು ಮೇಲು.

ಒಂದು, ಪುಸ್ತಕ. ಮಾಲ್ಗುಡಿಯ ಹೆಸರು ಹೊತ್ತ ಯಾವ ಜಾಗಕ್ಕೆ ಹೋದರೂ ಮಗುವಿನ ಕೈಗೆ ಮೊದಲು ಸಿಗಬೇಕಾದದ್ದು ಕಥೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹತ್ತು ಹತ್ತು ಪ್ರತಿ ಇರುವ ಒಂದು ಕಪಾಟು, ಕೂತು ಓದಲು ಒಂದು ಬೆಂಚು. ಇದಕ್ಕೆ ಕೋಟಿ ಬೇಡ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಹೋಗುವ ಎಷ್ಟೋ ಮಕ್ಕಳು ಅವರ ಕಿಂದರಿಜೋಗಿಯನ್ನು ಬಾಯಿಪಾಠ ಮಾಡಿಕೊಂಡೇ ಹೋಗಿರುತ್ತಾರೆ. ಆ ಮನೆಯ ಹೊಸ್ತಿಲು ದಾಟುವಾಗ ಅವರಿಗೆ ಅಲ್ಲಿ ಆಗಲೇ ಪರಿಚಯದವರೊಬ್ಬರು ಇರುತ್ತಾರೆ. ಸ್ವಾಮಿಗೂ ಅಷ್ಟು ದಕ್ಕಬೇಕು.

ಎರಡು, ಆಟ. ಮ್ಯೂಸಿಯಮ್ಮಿನ ಅಂಗಳದಲ್ಲಿ ನಾಲ್ಕು ಹಳೆಯ ಟೈರು, ಒಂದಷ್ಟು ಕೋಲು, ಒಂದು ಮರದ ಬ್ಯಾಟು ಇಟ್ಟು ನೋಡಿ. ಸ್ವಾಮಿಯ ಗೆಳೆಯರ ಎಂ.ಸಿ.ಸಿ. ಎಂದರೆ ಮಾಲ್ಗುಡಿ ಕ್ರಿಕೆಟ್ ಕ್ಲಬ್ ಎಂದು ಹೇಳಿಕೊಟ್ಟರೆ ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಮೂರು, ಸಮಯ. ಒಂಬತ್ತು ಸ್ಥಳ ಬೇಡ. ಆಗುಂಬೆಯಿಂದ ಅರಸಾಳಿಗೆ ಎರಡು ಗಂಟೆಗೂ ಮೇಲಿನ ದಾರಿ. ಒಂದು ದಿನಕ್ಕೆ ಒಂದೇ ಸಾಕು. ಸ್ವಾಮಿಯ ಕಥೆ ಅರಳುವುದು ಶಾಲೆ ಬಿಟ್ಟ ಮೇಲಿನ, ರಜೆಯ, ಯಾರೂ ಲೆಕ್ಕ ಕೇಳದ ಹೊತ್ತಿನಲ್ಲಿ. ಅಂಥ ಒಂದು ಮಧ್ಯಾಹ್ನ ಕೊಡದೆ ಸ್ವಾಮಿಯ ಊರು ತೋರಿಸುತ್ತೇವೆ ಎನ್ನುವುದು ಅನ್ನವಿಲ್ಲದ ಎಲೆ ಹಾಕಿದ ಹಾಗೆ. ನಾರಾಯಣ್‌ಗೆ ಇದು ಬರೀ ಕಥೆಯ ವಿಷಯವಾಗಿರಲಿಲ್ಲ. ಧಾರಾವಾಹಿ ಬಂದ 1986ರಲ್ಲೇ ಅವರು ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಸದನದಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಶಾಲಾಚೀಲದ ಭಾರದ ಬಗ್ಗೆ, ಅವರಿಂದ ಕಸಿದುಕೊಂಡ ಬಿಡುವಿನ ಬಗ್ಗೆ. ಆ ಚರ್ಚೆ ಬೆಳೆದು ಪ್ರೊ. ಯಶಪಾಲ್ ಸಮಿತಿ ನೇಮಕವಾಗಿ, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವರದಿ ಬಂತು. ಚೀಲ ಅಷ್ಟೇನೂ ಹಗುರವಾಗಿಲ್ಲ. ಅಷ್ಟಾದರೂ ರಜೆಯ ಎರಡು ದಿನವನ್ನು ಇನ್ನೊಂದು ಟೈಮ್‌ಟೇಬಲ್ ಮಾಡದಿರುವುದು ನಮ್ಮ ಕೈಯಲ್ಲಿದೆ.

ನಾಲ್ಕು, ಮರ್ಯಾದೆ. ದೊಡ್ಡಮನೆ ಮ್ಯೂಸಿಯಂ ಅಲ್ಲ, ಒಬ್ಬರ ಮನೆ. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಬಾಗಿಲವರೆಗೆ ಹೋಗಬೇಕು ಎಂಬುದನ್ನು ಕೇಳಿ ಹೆಜ್ಜೆ ಇಡಬೇಕು. ಆಗುಂಬೆಯ ಕಾಡಿಗೂ ಅದೇ ಮಾತು. ತಿಂಡಿ ಪೊಟ್ಟಣ ಎಸೆದು, ಕೋತಿಗೆ ಬಿಸ್ಕತ್ತು ಹಾಕಿ, ಬೆಟ್ಟಕ್ಕೆ ಕೂಗಿ ಬರುವುದನ್ನು ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

ಶಂಕರ್‌ನಾಗ್ ಈ ಕೆಲಸಕ್ಕೆ ಇಳಿದಾಗ ಅವರಿಗೆ ಮೂವತ್ತೊಂದು, ಮೂವತ್ತೆರಡರ ಪ್ರಾಯ. 1990ರಲ್ಲಿ ತೀರಿಕೊಂಡರು. ನಾರಾಯಣ್ 2001ರಲ್ಲಿ ಹೋದರು, ಅವರ ಕಥೆಗಳಿಗೆ ಚಿತ್ರ ಬರೆದ ಅವರ ತಮ್ಮ ಆರ್.ಕೆ. ಲಕ್ಷ್ಮಣ್ 2015ರಲ್ಲಿ. ಕಟ್ಟಿದವರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೂ ಊರು ನಿಂತಿದೆ. ಅದರ ಪಾಲಕರು ಈಗ ರಾತ್ರಿ ಹೊತ್ತು ಮಗುವಿನ ಪಕ್ಕ ಕೂತು ಪುಸ್ತಕ ತೆರೆಯುವವರು.

ಕಾದಂಬರಿಯ ಕೊನೆಯೂ ಒಂದು ಸ್ಟೇಷನ್ನಿನಲ್ಲೇ. ಬೆಳಗಿನ ರೈಲಿಗೆ ರಾಜಮ್ ಊರು ಬಿಡುತ್ತಾನೆ. ಮುನಿಸು ಇನ್ನೂ ಆರಿಲ್ಲ. ಸ್ವಾಮಿ ಕೈಯಲ್ಲಿ ಆಂಡರ್ಸನ್ನನ ಕಥೆಗಳ ಪುಟ್ಟ ಪುಸ್ತಕ; ರೈಲು ಹೊರಟಾಗ ಮಣಿ ಅದನ್ನು ಕಸಿದುಕೊಂಡು ಬೋಗಿಯ ಜೊತೆ ಓಡಿ ಕಿಟಕಿಗೆ ತಲುಪಿಸುತ್ತಾನೆ. ಸ್ನೇಹ ಉಳಿಯಿತೋ ಇಲ್ಲವೋ, ಪುಸ್ತಕವಂತೂ ಹೋಗಿ ಸೇರಿತು.

ಇದು ನನ್ನ ತಲೆಯಲ್ಲಿದ್ದುದರಿಂದಲೋ ಏನೋ, ಅರಸಾಳಿನಿಂದ ಹೊರಡುವಾಗ ಊರ ಹುಡುಗರಲ್ಲಿ ಚಿಕ್ಕವನು ಕಾರಿನ ಹತ್ತಿರ ಬಂದು ನಿಂತದ್ದನ್ನು ನೋಡಿ, ನಮ್ಮವನ ಕಿವಿಯಲ್ಲಿ ಹೇಳಿದೆ: ‘ಪುಸ್ತಕ ಅವನಿಗೆ ಕೊಟ್ಟುಬಿಡೋಣ್ವಾ? ನಿನಗೆ ಬೇರೆ ತರ್ತೀನಿ.’ ಅವನು ಒಂದು ಕ್ಷಣ ಯೋಚಿಸಿ, ಡಿಕ್ಕಿ ತೆಗೆಸಿ, ಟೈರನ್ನೂ ಕೋಲನ್ನೂ ಇಳಿಸಿ ಆ ಹುಡುಗನ ಕೈಗೆ ಕೊಟ್ಟ. ಪುಸ್ತಕ ಮಾತ್ರ ಬಿಡಲಿಲ್ಲ. ಎದೆಗೆ ಅವುಚಿಕೊಂಡು ಕೂತು ಹೇಳಿದ: ‘ಇನ್ನೂ ಎರಡು ಅಧ್ಯಾಯ ಇದೆ ಮಾವ.’